ಟಿಟಿ ತಂಡವನ್ನು ಆರಿಸಬೇಕಾದ್ದು ಕೋರ್ಟ್ ಅಲ್ಲ

ನಮಸ್ಕಾರ. ಟೇಬಲ್ ಟೆನಿಸ್ ನೋಡುವವರು ಶರತ್ ಕಮಲ್ ಬಗ್ಗೆ, ಮನಿಕಾ ಬಾತ್ರಾ ಬಗ್ಗೆ, ಶ್ರೀಜಾ ಅಕುಲಾ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಅವರನ್ನು ಆರಿಸಿ ಕಳಿಸುವ ಭಾರತ ಟೇಬಲ್ ಟೆನಿಸ್ ಫೆಡರೇಷನ್ ಬಗ್ಗೆ ಮಾತಾಡುವುದು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

2021ರ ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಾ? ಮನಿಕಾ ಆಡುತ್ತಿದ್ದಾಗ ಕೋಚ್ ಕೂರುವ ಕುರ್ಚಿ ಖಾಲಿ ಇತ್ತು. ಅವರ ಸ್ವಂತ ಕೋಚ್‌ಗೆ ಅಲ್ಲಿ ಕೂರಲು ಅನುಮತಿ ಸಿಗಲಿಲ್ಲ, ರಾಷ್ಟ್ರೀಯ ಕೋಚ್ ಅವರಿಗೆ ಬೇಕಿರಲಿಲ್ಲ. ಫೆಡರೇಷನ್ ಶೋಕಾಸ್ ನೋಟಿಸ್ ಕೊಟ್ಟಿತು. ಆಗ ಮನಿಕಾ ಒಂದು ಗಂಭೀರ ಆರೋಪ ಮಾಡಿದರು. ದೋಹಾದಲ್ಲಿ ನಡೆದ ಒಲಿಂಪಿಕ್ಸ್ ಅರ್ಹತಾ ಟೂರ್ನಿಯಲ್ಲಿ ಒಂದು ಪಂದ್ಯವನ್ನು ತನ್ನ ಅಕಾಡೆಮಿಯ ಆಟಗಾರ್ತಿಗೆ ಬಿಟ್ಟುಕೊಡಿ ಅಂತ ಅದೇ ರಾಷ್ಟ್ರೀಯ ಕೋಚ್ ತಮ್ಮ ಮೇಲೆ ಒತ್ತಡ ಹಾಕಿದ್ದರು ಅಂತ. ಆಮೇಲೆ ಸೋನಿಪತ್‌ನ ರಾಷ್ಟ್ರೀಯ ಕ್ಯಾಂಪ್‌ಗೆ ಬಂದವರಿಗೆ ಮಾತ್ರ ತಂಡದಲ್ಲಿ ಜಾಗ ಅಂತ ನಿಯಮ ಬಂತು. ಮನಿಕಾ ಹೋಗಲಿಲ್ಲ, ಏಷ್ಯನ್ ಚಾಂಪಿಯನ್‌ಷಿಪ್ ತಂಡದಲ್ಲಿ ಅವರ ಹೆಸರೂ ಇರಲಿಲ್ಲ.

ಅವರು ದೆಹಲಿ ಹೈಕೋರ್ಟ್‌ಗೆ ಹೋದರು. ಕೋರ್ಟ್ ಮೊದಲು ಆ ಕ್ಯಾಂಪ್ ನಿಯಮಕ್ಕೆ ತಡೆ ಕೊಟ್ಟಿತು. 2022ರ ಫೆಬ್ರವರಿಯಲ್ಲಿ ಫೆಡರೇಷನ್‌ನ ಇಡೀ ಕಾರ್ಯಕಾರಿ ಸಮಿತಿಯನ್ನೇ ಅಮಾನತು ಮಾಡಿ, ನಿವೃತ್ತ ನ್ಯಾಯಮೂರ್ತಿ ಗೀತಾ ಮಿತ್ತಲ್ ನೇತೃತ್ವದ ಸಮಿತಿಗೆ ಆಡಳಿತ ಒಪ್ಪಿಸಿತು. ರಾಷ್ಟ್ರೀಯ ಕೋಚ್ ಆಗಿರುವವರು ಅದೇ ಹೊತ್ತಿಗೆ ಖಾಸಗಿ ಅಕಾಡೆಮಿಯನ್ನೂ ನಡೆಸುವುದನ್ನು ಕೋರ್ಟ್ ಕಟುವಾಗಿ ಟೀಕಿಸಿತು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ದೇಶದ ಎಲ್ಲ ಆಟಗಾರರನ್ನೂ ಒಂದೇ ಕಣ್ಣಿನಿಂದ ನೋಡಬೇಕಾದವರ ಅಕಾಡೆಮಿಯಲ್ಲೇ ಒಬ್ಬ ಆಟಗಾರ್ತಿ ಬೆಳೆದಿದ್ದರೆ, ಆ ಕೋಚ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಉಳಿದವರಿಗೆ ಅನುಮಾನ ಬಂದೇ ಬರುತ್ತದೆ ಅಲ್ವಾ?

ಸರಿ, ಹೊಸ ಆಡಳಿತ ಬಂತು. ಜಗಳ ನಿಂತಿತಾ? ಇಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್ ತಂಡದಲ್ಲಿ ಮೊದಲು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಹೆಸರಿತ್ತು. ಇನ್ನೊಬ್ಬ ಆಟಗಾರ್ತಿ ದಿಯಾ ಚಿತಳೆ ಕೋರ್ಟ್‌ಗೆ ಹೋದರು, ಪಟ್ಟಿ ಬದಲಾಯಿತು, ದಿಯಾ ಒಳಗೆ ಬಂದರು, ಅರ್ಚನಾ ಹೊರಗೆ. ಇಲ್ಲಿ ದಿಯಾ ತಪ್ಪೇನೂ ಇಲ್ಲ. ನಿಯಮದ ಪ್ರಕಾರ ಜಾಗ ತನ್ನದು ಅನಿಸಿದವರು ಕೇಳಲೇಬೇಕು. ಆದರೆ 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಹುಡುಗಿಗೆ ನೀನಿದ್ದೀಯ ಅಂತ ಹೇಳಿ, ಆಮೇಲೆ ಇಲ್ಲ ಅನ್ನುವುದು ಎಷ್ಟು ಕ್ರೂರ ಅಂತ ಯೋಚಿಸಿ.

ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೂ ಅದೇ ಚರ್ಚೆ. ವಿಶ್ವದ ನಂಬರ್ ಒನ್ ಸುನ್ ಯಿಂಗ್‌ಷಾ ಅವರನ್ನು ಸೋಲಿಸಿದ್ದ ಐಹಿಕಾ ಮುಖರ್ಜಿ ಮೀಸಲು ಆಟಗಾರ್ತಿಯಾದರು. ರ‍್ಯಾಂಕಿಂಗ್‌ನಲ್ಲಿ ಮುಂದಿದ್ದ ಅರ್ಚನಾ ತಂಡದಲ್ಲಿದ್ದರು. ಭಾರತದ ಮಹಿಳೆಯರು ಕ್ವಾರ್ಟರ್ ಫೈನಲ್ ತಲುಪಿದರು, ಜರ್ಮನಿ ವಿರುದ್ಧ ನಮಗೆ ಸಿಕ್ಕ ಒಂದೇ ಗೆಲುವು ಅರ್ಚನಾ ಅವರದ್ದು. ಅದಾದ ಮೇಲೆ ಅವರು ಓದಲು ಹೊರದೇಶಕ್ಕೆ ಹೊರಟರು. ಅದು ಅವರ ಆಯ್ಕೆ, ಅದಕ್ಕೂ ಇದಕ್ಕೂ ನಾನು ಸುಮ್ನೆ ಗಂಟು ಹಾಕುವುದಿಲ್ಲ.

ಈಗ ಅಧ್ಯಕ್ಷೆ ಮೇಘನಾ ಅಹ್ಲಾವತ್, ಪ್ರಧಾನ ಕಾರ್ಯದರ್ಶಿ ಕಮಲೇಶ್ ಮೆಹ್ತಾ ಗೆದ್ದಿದ್ದು 2022ರ ಡಿಸೆಂಬರ್ ಚುನಾವಣೆಯಲ್ಲಿ. ಮೆಹ್ತಾ ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆದವರು. ಆಟ ಆಡಿದವರು ಕುರ್ಚಿಯಲ್ಲಿ ಕೂತರೆ ಒಳ್ಳೆಯದೇ, ಆದರೆ ಅಷ್ಟೇ ಸಾಲದು. 2025ರಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ತಂದಿದೆ, ಕ್ರೀಡಾ ವಿವಾದಗಳಿಗೇ ಒಂದು ನ್ಯಾಯಮಂಡಳಿಯನ್ನೂ ಅದರಲ್ಲಿ ಸೇರಿಸಿದೆ. ಅಲ್ಲಿ ಬೇಗ ತೀರ್ಮಾನವಾದರೆ ಆಟಗಾರರಿಗೆ ಅನುಕೂಲ. ಆದರೆ ತಂಡದ ಪಟ್ಟಿ ಅಲ್ಲಿಗೂ ಹೋಗುವ ಹಾಗಾಗಬಾರದು.

2028ರ ಲಾಸ್ ಏಂಜಲೀಸ್‌ನಲ್ಲಿ ಪುರುಷರ, ಮಹಿಳೆಯರ ತಂಡ ಸ್ಪರ್ಧೆ ಇರುವುದಿಲ್ಲ. ಬದಲಿಗೆ ಡಬಲ್ಸ್ ವಾಪಸ್ ಬರುತ್ತದೆ, ಜೊತೆಗೆ ಮಿಶ್ರ ತಂಡ ಸ್ಪರ್ಧೆ. ಯಾರ ಜೊತೆ ಯಾರು ಆಡಬೇಕು ಅನ್ನುವುದನ್ನು ಬರೀ ರ‍್ಯಾಂಕಿಂಗ್ ನೋಡಿ ಹೇಳಲಾಗದು. ಆಯ್ಕೆಗಾರರ ವಿವೇಚನೆಗೆ ಜಾಸ್ತಿ ಜಾಗ ಸಿಗುತ್ತದೆ, ಜಗಳಕ್ಕೂ ಅಷ್ಟೇ ಜಾಗ. ಹಾಗಾಗಿ ಯಾವ ಫಲಿತಾಂಶಕ್ಕೆ ಎಷ್ಟು ತೂಕ, ಯಾವ ದಿನದವರೆಗಿನ ರ‍್ಯಾಂಕಿಂಗ್ ಲೆಕ್ಕಕ್ಕೆ, ವಿವೇಚನೆ ಬಳಸಿದರೆ ಏಕೆ ಬಳಸಿದಿರಿ, ಇದೆಲ್ಲ ಬರೆದು ಈಗಲೇ ಎಲ್ಲರ ಮುಂದೆ ಇಡಿ. ತಂಡ ಘೋಷಿಸಿದ ಮೇಲೆ ಅಲ್ಲ.