ಮೌಂಟ್ ಮಾಡುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಲ್ಕಾರು ಲಿನಕ್ಸ್ ಯಂತ್ರಗಳನ್ನು ಸೇರಿಸಿ ಒಂದು ಕ್ಲಸ್ಟರ್ ಕಟ್ಟಿದ್ದೀರಿ ಅಂದುಕೊಳ್ಳಿ. ಎಲ್ಲ ಯಂತ್ರಗಳಿಗೂ ಒಂದೇ ಫೋಲ್ಡರ್ ಕಾಣಬೇಕು. ಇದಕ್ಕೆ ಬಹಳ ಜನ ಹಿಡಿಯುವ ದಾರಿ ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1980ರ ದಶಕದಲ್ಲಿ ರೂಪಿಸಿದ್ದು, ಇವತ್ತಿಗೂ ಗಟ್ಟಿಯಾಗಿದೆ. ಯಾವ ಫೋಲ್ಡರ್ ಯಾವ ಯಂತ್ರಕ್ಕೆ ಅಂತ ಹೇಳುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದು ಒಂದು ಕಮಾಂಡ್ ಕೊಟ್ಟರೆ ಹಂಚಿಕೆ ಶುರು. ಉಳಿದ ಯಂತ್ರಗಳು ಆ ಫೋಲ್ಡರನ್ನು ತಮಗೆ ಜೋಡಿಸಿಕೊಳ್ಳುವುದೇ ಮೌಂಟ್. ನಿಜವಾದ ಕೆಲಸ ಇರುವುದು ಅದಕ್ಕೂ ಮುಂಚೆ.

ಮೊದಲು ಯೂಸರ್ ಐಡಿ ನೋಡಿ. ನಾವು ಲಾಗಿನ್ ಆಗುವುದು ಹೆಸರಿನಿಂದ. ಆದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ಫೋಲ್ಡರ್ ಹಂಚುವ ಯಂತ್ರವಾದ ಸರ್ವರ್ ಅನುಮತಿ ಕೊಡುವುದು ನಂಬರ್ ನೋಡಿ. ಒಂದು ಯಂತ್ರದಲ್ಲಿ 1001 ನಿಮ್ಮದು, ಪಕ್ಕದ ಯಂತ್ರದಲ್ಲಿ ಅದೇ 1001 ಬೇರೆ ಯಾರದ್ದೋ ಆಗಿದ್ದರೆ, ಅವರು ನಿಮ್ಮ ಫೈಲನ್ನು ಆರಾಮಾಗಿ ಅಳಿಸಬಹುದು. ಒಂದು ಎರರ್ ಕೂಡ ಬರುವುದಿಲ್ಲ. ಹಾಗಾಗಿ ಎಲ್ಲ ಕಡೆ ನಂಬರ್ ಒಂದೇ ಇರಲಿ. ಯಂತ್ರಗಳು ಜಾಸ್ತಿ ಇದ್ದರೆ ಬಳಕೆದಾರರ ಪಟ್ಟಿಯನ್ನು ಒಂದೇ ಕಡೆ ಇಡುವ ಎಲ್‌ಡ್ಯಾಪ್ ಹಾಕಿಬಿಡಿ, ಕೈಯಲ್ಲಿ ತಿದ್ದುತ್ತಾ ಕೂರಬೇಡಿ.

ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುವಂತೆ ಕ್ರೋನಿ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಫೈರ್‌ವಾಲ್‌ನಲ್ಲಿ ಎನ್‌ಎಫ್‌ಎಸ್‌ನ ನಾಲ್ಕನೇ ಆವೃತ್ತಿಗೆ 2049 ಪೋರ್ಟ್ ತೆರೆದರೆ ಸಾಕು.

ಎಕ್ಸ್‌ಪೋರ್ಟ್ಸ್ ಸಾಲು ಬರೆಯುವಾಗ ಮಾತ್ರ ಕಣ್ಣು ನೆಟ್ಟಿರಲಿ. ಯಂತ್ರದ ಹೆಸರಿಗೆ ಬ್ರಾಕೆಟ್ ಅಂಟಿಕೊಂಡೇ ಇರಬೇಕು. ನಡುವೆ ಒಂದು ಸ್ಪೇಸ್ ಬಿತ್ತೋ, ಬ್ರಾಕೆಟ್ಟಿನ ಒಳಗಿನ ಅನುಮತಿ ಆ ಯಂತ್ರಕ್ಕೆ ಸಿಗುವುದಿಲ್ಲ, ಸರ್ವರ್ ತನಕ ಬರಬಲ್ಲ ಎಲ್ಲರಿಗೂ ಸಿಗುತ್ತದೆ! ಇಂಥ ವಿನ್ಯಾಸ ಯಾಕೆ ಇಟ್ಟರೋ, ನನಗಂತೂ ಒಪ್ಪಿಗೆಯಿಲ್ಲ. ಇನ್ನು ರೂಟ್ ಸ್ಕ್ವಾಷ್, ಅಂದರೆ ಬೇರೆ ಯಂತ್ರದ ರೂಟ್‌ಗೆ ಇಲ್ಲಿ ಸರ್ವಾಧಿಕಾರ ಸಿಗದಂತೆ ತಡೆಯುವ ಸೆಟ್ಟಿಂಗ್. ಅದು ತಾನಾಗೇ ಆನ್ ಇರುತ್ತದೆ, ಸುಮ್ನೆ ತೆಗೆಯಬೇಡಿ.

ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು ಅಂದರೆ ತಯಾರಿ ಹೆಚ್ಚುತ್ತದೆ. ಸಾಮಾನ್ಯವಾಗಿ ಡಿಆರ್‌ಬಿಡಿ ಎಂಬ ತಂತ್ರಾಂಶ ಡಿಸ್ಕನ್ನು ಎರಡೂ ಕಡೆ ಒಂದೇ ಥರ ಇಡುತ್ತದೆ. ಪೇಸ್‌ಮೇಕರ್ ಎಂಬ ಇನ್ನೊಂದು ತಂತ್ರಾಂಶ ಐಪಿ ವಿಳಾಸವನ್ನು ಅತ್ತಿಂದಿತ್ತ ಸಾಗಿಸುತ್ತದೆ. ಹಂಚಿದ ಫೈಲ್ ಸಿಸ್ಟಮ್‌ನ ಗುರುತಾದ ಎಫ್‌ಎಸ್‌ಐಡಿ ಎರಡೂ ಕಡೆ ಒಂದೇ ಇರುವಂತೆ ಎಕ್ಸ್‌ಪೋರ್ಟ್ಸ್ ಸಾಲಿನಲ್ಲಿ ನೀವೇ ಬರೆದುಬಿಡಿ. ಅದು ಬದಲಾದರೆ ಕ್ಲೈಂಟ್‌ಗಳ, ಅಂದರೆ ಫೋಲ್ಡರ್ ಬಳಸುವ ಯಂತ್ರಗಳ, ಕೈಲಿರುವ ಫೈಲ್ ಹ್ಯಾಂಡಲ್ ಎಂಬ ಫೈಲಿನ ಗುರುತು ಹಳಸಿಹೋಗುತ್ತದೆ, ತೆರೆದಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ.

ಫೆನ್ಸಿಂಗ್ ಬಿಡಲೇಬೇಡಿ. ನಡುವಿನ ಕೇಬಲ್ ಕಡಿದರೆ ಎರಡೂ ಸರ್ವರ್‌ಗಳು "ಅದು ಸತ್ತಿದೆ, ಇನ್ನು ನಾನೇ ಯಜಮಾನ" ಅಂದುಕೊಳ್ಳುತ್ತವೆ. ಡೇಟಾ ಎರಡು ದಿಕ್ಕಿಗೆ ಒಡೆಯುತ್ತದೆ. ಅದನ್ನು ಮತ್ತೆ ಕೂಡಿಸುವಾಗ ಒಂದು ಕಡೆಯದನ್ನು ಬಿಸಾಡಬೇಕಾಗುತ್ತದೆ. ಫೆನ್ಸಿಂಗ್ ಇದ್ದರೆ ಒಂದು ಯಂತ್ರ ಇನ್ನೊಂದರ ಕರೆಂಟನ್ನೇ ಕತ್ತರಿಸಿ, ಆಮೇಲೆ ಕೆಲಸಕ್ಕೆ ಇಳಿಯುತ್ತದೆ. ಒರಟು ಅನಿಸುತ್ತದೆ, ಅಲ್ವಾ? ಆದರೂ ನಾನು ನಂಬುವುದು ಇದನ್ನೇ.

ಕ್ಲೈಂಟ್ ಕಡೆ ಹಾರ್ಡ್ ಮೌಂಟ್ ಇಡಿ, ಆಗ ಸರ್ವರ್ ಉತ್ತರಿಸದಿದ್ದರೂ ಕ್ಲೈಂಟ್ ಕೈಬಿಡದೆ ಕಾಯುತ್ತದೆ. ಈಗ ಒಂದು ಪರೀಕ್ಷೆ ಮಾಡಿ. ಒಂದು ದೊಡ್ಡ ಫೈಲನ್ನು ಕಾಪಿ ಮಾಡಲು ಬಿಟ್ಟು, ನಡೆಯುತ್ತಿರುವ ಸರ್ವರ್‌ನ ಪ್ಲಗ್ ಕಿತ್ತುಬಿಡಿ. ಕಾಪಿ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲುತ್ತದೆ. ಫೈಲುಗಳ ಮೇಲೆ ಹಾಕಿದ್ದ ಹಳೆಯ ಲಾಕ್‌ಗಳನ್ನು ವಾಪಸ್ ಕೇಳಲು ಕ್ಲೈಂಟ್‌ಗಳಿಗೆ ಹೊಸ ಸರ್ವರ್ ಸಾಮಾನ್ಯವಾಗಿ 90 ಸೆಕೆಂಡ್ ಕೊಡುತ್ತದೆ, ಗಾಬರಿಯಾಗಿ ಏನನ್ನೂ ಒತ್ತಬೇಡಿ. ಕಾಪಿ ತಾನಾಗೇ ಮುಂದುವರಿದು ಮುಗಿದರೆ, ಮೂಲ ಮತ್ತು ಕಾಪಿ ಎರಡೂ ಫೈಲುಗಳ ಚೆಕ್‌ಸಮ್, ಅಂದರೆ ಒಳಗಿನ ಡೇಟಾದಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಹೋಲಿಸಿ ನೋಡಿ. ಅದು ಒಂದೇ ಬಂದ ಮೇಲಷ್ಟೇ ಬಳಕೆದಾರರನ್ನು ಒಳಗೆ ಬಿಡಿ.