ಕಲ್ಲುರಾಶಿಯೋ, ಕಬ್ಬಿಣಯುಗದ ಗೋರಿಯೋ? ಅಗೆಯದೆ ಓದೋದು ಹೇಗೆ

ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಇಲ್ಲಿಗೆ ಬರೋರು ಅಶೋಕನ ಶಾಸನ ನೋಡಿ ಹೊರಟುಬಿಡ್ತಾರೆ. ಬೆಟ್ಟದ ಬುಡದಲ್ಲಿ ಕಬ್ಬಿಣಯುಗದ ಗೋರಿಗಳ ಸುತ್ತ ಇರೋ ಕಲ್ಲಿನ ವೃತ್ತಗಳಿಗೂ ಅಷ್ಟೇ ಸಮಯ ಕೊಡಬೇಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ಮಾಡಿದ್ದರಿಂದಲೇ ಇಂಥ ಗೋರಿಗಳ ಒಳಗೆ ಏನಿರುತ್ತೆ ಅನ್ನೋದು ನಮಗೆ ಇಷ್ಟು ಸ್ಪಷ್ಟವಾಗಿ ಗೊತ್ತಾಗಿರೋದು. ಆ ತಿಳಿವಳಿಕೆ ಇದ್ರೆ ಬೇರೆ ಊರಿನ ಪಾಳು ಗುಪ್ಪೆಯನ್ನೂ ಮೇಲಿನಿಂದಲೇ ಓದಬಹುದು.

ಗುಪ್ಪೆ ಕಂಡ ತಕ್ಷಣ ಮೇಲೆ ಹತ್ತಬೇಡಿ. ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಬೇಸಿಗೆಯಲ್ಲಿ, ಹುಲ್ಲು ಒಣಗಿದ ಮೇಲೆ, ಬೆಳಗಿನ ಓರೆ ಬಿಸಿಲಲ್ಲಿ ನೋಡಿದ್ರೆ ಮಣ್ಣಲ್ಲಿ ಮುಕ್ಕಾಲು ಹೂತ ಅಂಚುಗಲ್ಲುಗಳೂ ನೆರಳಿನಿಂದ ಗೊತ್ತಾಗ್ತವೆ. ಅವು ಒಂದೇ ಗೆರೆಯಲ್ಲಿ ದುಂಡಗೆ ಬಂದಿವೆಯಾ? ಇದೇ ಮೊದಲ ಪರೀಕ್ಷೆ. ರೈತರು ಉಳುವಾಗ ಆರಿಸಿ ಹಾಕಿದ ರಾಶಿಗೆ ಅಂಚೇ ಇರಲ್ಲ. ಸಣ್ಣದು ದೊಡ್ಡದು ಎಲ್ಲ ಬೆರೆತು ಬದುವಿಗೆ ಒರಗಿರುತ್ತೆ.

ಆಮೇಲೆ ಹೊಸ ಗಾಯದಿಂದ ಹಳೆಯದಕ್ಕೆ ಹಿಂದೆ ಹಿಂದೆ ಹೋಗಿ. ಈ ಕ್ರಮ ತಪ್ಪಿದ್ರೆ ನಿನ್ನೆ ಮೊನ್ನೆ ಆದ ಹಾನಿಯನ್ನೇ ಕಟ್ಟಿದವರ ವಿನ್ಯಾಸ ಅಂತ ತಿಳಿದುಬಿಡ್ತೀವಿ. ನಡುವೆ ಗುಂಡಿ, ಒಂದೇ ಪಕ್ಕಕ್ಕೆ ಮಣ್ಣಿನ ಗುಡ್ಡೆ ಇದ್ರೆ ಅದು ನಿಧಿಗಳ್ಳರ ಕೆಲಸ. ಕಲ್ಲಿನ ಮೈ ಹತ್ತಿರದಿಂದ ನೋಡಿ: ಬಹಳ ಕಾಲ ಬಿಸಿಲು ಮಳೆ ಕಂಡ ಮುಖದ ಮೇಲೆ ಬೂದು, ಹಳದಿ ಕಲ್ಲುಹೂವು ಚಕ್ಕೆಚಕ್ಕೆಯಾಗಿ ಹಬ್ಬಿರುತ್ತೆ. ಆ ಮುಖ ಕೆಳಗಾಗಿ, ಮಣ್ಣು ಮೆತ್ತಿದ ಬೋಳು ಮುಖ ಮೇಲಿದ್ರೆ ಆ ಕಲ್ಲನ್ನು ಇತ್ತೀಚೆಗೆ ಉರುಳಿಸಿದ್ದಾರೆ. ಅಂಚಿನಲ್ಲಿ ಡ್ರಿಲ್ ಹೊಡೆದ ದುಂಡು ತೂತಿನ ಅರ್ಧ ಉಳಿದಿದ್ರೆ ಚಪ್ಪಡಿಗಾಗಿ ಸೀಳಿದ್ದಾರೆ.

ಇವನ್ನೆಲ್ಲ ಕಳೆದ ಮೇಲೆ ಉಳಿಯೋದು ನಿಜವಾದ ರಚನೆ. ಬ್ರಹ್ಮಗಿರಿಯಲ್ಲಿ ವೃತ್ತದ ನಡುವೆ ಗುಂಡಿ ತೋಡಿ, ನಾಲ್ಕು ಗ್ರಾನೈಟ್ ಚಪ್ಪಡಿ ನಿಲ್ಲಿಸಿ ಕೋಣೆ ಮಾಡಿದ್ದರು. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಮುಂದಕ್ಕೆ ಚಾಚಿರುತ್ತೆ, ಸ್ವಸ್ತಿಕದ ತೋಳಿನಂತೆ. ಹೊರಗಿನ ಮಣ್ಣು ಒಳಕ್ಕೆ ಒತ್ತಿದಷ್ಟೂ ನಾಲ್ಕೂ ಒಂದಕ್ಕೊಂದು ಬಿಗಿಯಾಗ್ತವೆ. ನನಗಂತೂ ಇದು ಅದ್ಭುತ ಎಂಜಿನಿಯರಿಂಗ್. ಆದರೆ ಒಂದನ್ನು ಕಿತ್ತರೆ ಆಸರೆ ತಪ್ಪಿ ಉಳಿದವು ಒಳಕ್ಕೆ ವಾಲುತ್ತವೆ. ಹಾಗಾಗಿ ವಾಲಿದ ದಿಕ್ಕು ನೋಡಿದ್ರೆ ಯಾವುದು ಮೊದಲು ಹೋಯ್ತು ಅಂತ ಊಹಿಸಬಹುದು. ಪೂರ್ವದ ಚಪ್ಪಡಿಯಲ್ಲಿ ದುಂಡು ಕಂಡಿ ಹುಡುಕಿ. ಒಡೆದ ತುಂಡಿನಲ್ಲಿ ಬಾಗಿದ ಅಂಚಷ್ಟೇ ಉಳಿದಿದ್ರೂ ಅದು ಗಟ್ಟಿ ಸಾಕ್ಷಿ.

ಇಲಿ, ಮುಳ್ಳುಹಂದಿ ತೋಡಿದ ಮಣ್ಣಲ್ಲಿ ಮಡಕೆ ಚೂರು ಕಾಣಬಹುದು. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇದ್ರೆ ಕಬ್ಬಿಣಯುಗದ ಕಡೆ ಬೊಟ್ಟು ಮಾಡುತ್ತೆ. ಆದರೂ ಚೂರೊಂದೇ ಸಾಲದು, ಹಳೆ ಊರಿನ ದಿಬ್ಬದಲ್ಲೂ ಇದೇ ಸಿಗುತ್ತೆ. ಅದನ್ನು ಎತ್ತಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಜಿಪಿಎಸ್ ಬರೆದುಕೊಳ್ಳಿ, ವೃತ್ತದ ವ್ಯಾಸವನ್ನು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ಸುತ್ತಮುತ್ತ ಇನ್ನಷ್ಟು ವೃತ್ತಗಳಿವೆಯಾ ಅಂತಲೂ ನೋಡಿ, ಯಾಕಂದ್ರೆ ಇವು ಸಾಮಾನ್ಯವಾಗಿ ಗುಂಪಲ್ಲೇ ಇರುತ್ತವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಬೇರೆ ಬೇರೆ ಬಗೆಯ ಕಲ್ಲುಗೋರಿಗಳು ನೂರಾರಿವೆ.

ಕೊನೆಗೆ ಪುರಾತತ್ವ ಇಲಾಖೆಗೆ ಬರೆಯುವಾಗ ‘ಇಲ್ಲಿ ಗೋರಿ ಇದೆ’ ಅಂತ ತೀರ್ಪು ಕೊಡಬೇಡಿ. ಬ್ರಹ್ಮಗಿರಿಯಲ್ಲೇ ಕಲ್ಲಿನ ವೃತ್ತದೊಳಗಿನ ಕೆಲವು ಗುಂಡಿಗಳಲ್ಲಿ ಮೂಳೆ ಸಿಗಲಿಲ್ಲ. ಶವದ ಮಾಂಸ ಕರಗುವ ತನಕ ಇಡೋಕೆ ಅವನ್ನು ಬಳಸಿ, ಆಮೇಲೆ ಮೂಳೆಗಳನ್ನು ಕಲ್ಲುಕೋಣೆಗೆ ಸಾಗಿಸಿರಬಹುದು ಅಂತ ವ್ಹೀಲರ್ ಊಹಿಸಿದ್ದರು. ‘ಅಂಚುಗಲ್ಲಿನ ವೃತ್ತ, ಇಷ್ಟು ಮೀಟರ್ ವ್ಯಾಸ, ನಡುವೆ ಹೊಸ ಗುಂಡಿ, ಚಪ್ಪಡಿ ಕಾಣುತ್ತಿಲ್ಲ’ ಅಂತ ಕಂಡಷ್ಟನ್ನೇ ಬರೆದು ಫೋಟೊ ಜೊತೆ ಕಳಿಸಿ.