ತಳದಿಂದ ಕಿರೀಟಕ್ಕೆ: ಸೌತ್ ಅಡಿಲೇಡ್, 1964

ಅಡಿಲೇಡ್ ಓವಲ್ ಅಂದ ಕೂಡಲೇ ನಮಗೆ ನೆನಪಾಗೋದು ದ್ರಾವಿಡ್. 2003ರ ಡಿಸೆಂಬರ್‌ನಲ್ಲಿ ಮೊದಲ ಇನಿಂಗ್ಸ್‌ಗೆ 233, ಎರಡನೆಯದರಲ್ಲಿ ಔಟಾಗದೆ 72. ಅದೇ ಮೈದಾನದಲ್ಲಿ 1964ರ ಅಕ್ಟೋಬರ್ 3ರಂದು ಒಂದು ಫೈನಲ್ ನಡೀತು. ಆಟ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಲೀಗು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ್ದು. ಪೋರ್ಟ್ ಅಡಿಲೇಡನ್ನ ಸೌತ್ ಅಡಿಲೇಡ್ 27 ಪಾಯಿಂಟ್‌ಗಳಿಂದ ಸೋಲಿಸಿತು. ಹಿಂದಿನ ವರ್ಷ, 1963ರಲ್ಲಿ, ಇದೇ ಸೌತ್ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಪೋರ್ಟ್ ಚಾಂಪಿಯನ್ ಆಗಿತ್ತು.

ಇದನ್ನ ಪವಾಡ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಹಾಗಂದ್ರೆ ಅಲ್ಲಿ ನಡೆದ ಕೆಲಸವನ್ನ ಅಳಿಸಿ ಹಾಕಿದಂತೆ.

ಆಗಿನ ನಿಯಮ ನೋಡಿ. ಮೈದಾನದಲ್ಲಿ 18 ಜನ, ಹೊರಗೆ ಬರೀ ಇಬ್ಬರು ಬದಲಿ ಆಟಗಾರರು. ಒಬ್ಬನನ್ನ ಹೊರಗೆ ಕರೆದರೆ ಅವನ ದಿನ ಅಲ್ಲಿಗೇ ಮುಗೀತು, ಮತ್ತೆ ಒಳಗೆ ಬರೋ ಹಾಗಿಲ್ಲ. ಇವತ್ತಿನ ಹಾಗೆ ನಾಲ್ಕು ನಿಮಿಷ ದಣಿವಾರಿಸಿಕೊಂಡು ಓಡಿ ಬರೋ ಸೌಲಭ್ಯ ಇರಲಿಲ್ಲ. ಅಡಿಲೇಡ್ ಓವಲ್ ಬೇರೆ ಉದ್ದನೆಯ ಮೈದಾನ. ನಾಲ್ಕು ಕ್ವಾರ್ಟರ್ ಓಡಬೇಕು. ಕೊನೆಯ ಕ್ವಾರ್ಟರ್‌ಗೆ ಕಾಲು ಸೋತವನು ಎದುರಾಳಿಯ ಬೆನ್ನು ನೋಡ್ತಾ ನಿಲ್ತಾನೆ. ಅಲ್ಲಿಂದಲೇ ಗೋಲು ಸೋರೋದು. ಇಂಥ ಆಟದಲ್ಲಿ ದಮ್ಮು ಇರುವ ತಂಡಕ್ಕೆ ಸಿಗುವ ಲಾಭ ಈಗಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

1964ಕ್ಕೆ ಕ್ಯಾಪ್ಟನ್-ಕೋಚ್ ಆಗಿ ಬಂದ ನೀಲ್ ಕರ್ಲಿ ಹಿಡಿದದ್ದು ಇದನ್ನೇ. 1961ರಲ್ಲಿ ವೆಸ್ಟ್ ಅಡಿಲೇಡ್‌ಗೆ ಕಪ್ ತಂದುಕೊಟ್ಟಿದ್ದ ಮನುಷ್ಯ. ಸೀಸನ್ ಶುರುವಾಗೋ ಮೊದಲೇ, ಬೇಸಿಗೆಯ ಬಿಸಿಲಲ್ಲೇ, ಹುಡುಗರನ್ನ ಬಿಡದೆ ಓಡಿಸಿದರು. ಅವರು ಆಡುತ್ತಿದ್ದ ರೀತಿಯೂ ಅಷ್ಟೇ ಒರಟು: ಚೆಂಡಿಗೆ ಮೈಯೊಡ್ಡೋದು, ಎದುರಾಳಿಗೆ ಪುರುಸೊತ್ತು ಕೊಡದಿರೋದು.

ಹಾಗಂತ ಕರ್ಲಿ ಒಬ್ಬರೇ ಎಲ್ಲ ಮಾಡಿದರು ಅನ್ನೋದೂ ತಪ್ಪು. ಆಸ್ಟ್ರೇಲಿಯಾದ ಉತ್ತರ ತೀರದಾಚೆಯ ತಿವಿ (Tiwi) ದ್ವೀಪಗಳಿಂದ ಬಂದ ಡೇವಿಡ್ ಕಾಂಟಿಲ್ಲಾ 1961ರಿಂದಲೇ ಸೌತ್‌ನಲ್ಲಿದ್ದರು; 1961, 1962 ಎರಡೂ ವರ್ಷ ಕ್ಲಬ್ಬಿನ ಅತ್ಯುತ್ತಮ ಆಟಗಾರ. ಅವರದು ರಕ್ ಸ್ಥಾನ. ಅಂಪೈರ್ ಚೆಂಡನ್ನ ನೆಲಕ್ಕೆ ಬಡಿದಾಗ ಮೇಲೆ ಹಾರಿ, ಅದನ್ನ ತನ್ನವರ ಕಡೆ ತಟ್ಟಿಬಿಡೋ ಎತ್ತರದ ಆಳು. ಸೌತ್‌ನ ಪೀಟರ್ ಡಾರ್ಲಿಯೂ ಅದೇ ಸ್ಥಾನದವರು. ಕೊನೆಯ ಸ್ಥಾನದ ತಂಡ ಅಂದರೆ ಪ್ರತಿಭೆ ಇಲ್ಲದ ತಂಡ ಅಂತ ಅಲ್ಲ. ಕಾಂಟಿಲ್ಲಾ ಹೆಸರನ್ನ ಈ ಕಥೆಯಲ್ಲಿ ಕರ್ಲಿ ಪಕ್ಕದಲ್ಲೇ ಹೇಳಬೇಕು ಅಂತ ನನ್ನ ಹಟ.

ಒಂದು ತಕರಾರಿದೆ, ನ್ಯಾಯವಾದದ್ದೇ: ಆ ವರ್ಷ ಸೆಂಟ್ರಲ್ ಡಿಸ್ಟ್ರಿಕ್ಟ್, ವುಡ್‌ವಿಲ್ ಎರಡು ಹೊಸ ಕ್ಲಬ್ ಸೇರಿ ಲೀಗು ಎಂಟರಿಂದ ಹತ್ತಕ್ಕೆ ಬೆಳೀತು, ಗೆಲ್ಲೋದು ಸುಲಭ ಆಯ್ತು ಅಂತ. ಆದರೆ ಫೈನಲ್‌ನಲ್ಲಿ ಎದುರಿಗಿದ್ದದ್ದು ಹೊಸಬರಲ್ಲ. 1962, 63 ಸತತ ಗೆದ್ದಿದ್ದ, 65ರಲ್ಲಿ ಮತ್ತೆ ಗೆಲ್ಲಲಿದ್ದ, ಕೋಚ್ ಫಾಸ್ ವಿಲಿಯಮ್ಸ್ ಪಳಗಿಸಿದ ಪೋರ್ಟ್. ಆ ವರ್ಷ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಮಗಾರಿ ಪದಕ ಪಡೆದ ಜೆಫ್ ಮಾಟ್ಲಿಯೂ ಪೋರ್ಟ್‌ನವರೇ.

ಫೈನಲ್ ಸ್ಕೋರ್: ಸೌತ್ 9.15, ಪೋರ್ಟ್ 5.12. ನಡುವಿನ ಎರಡು ಕಂಬಗಳ ಒಳಗೆ ಒದ್ದರೆ ಗೋಲು, ಆರು ಪಾಯಿಂಟ್. ಪಕ್ಕದ ಸಣ್ಣ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದು. ಸ್ಕೋರ್‌ನಲ್ಲಿ ಚುಕ್ಕೆಗೆ ಮೊದಲು ಗೋಲು, ಆಮೇಲೆ ಬಿಹೈಂಡ್; ಲೆಕ್ಕ ಹಾಕಿದರೆ 69ಕ್ಕೆ 42. ಸೌತ್‌ನ ಗುರಿಯೇನೂ ಚೆನ್ನಾಗಿರಲಿಲ್ಲ, ಹದಿನೈದು ಸಲ ಪಕ್ಕಕ್ಕೆ ಹೋಯ್ತು. ಪಂದ್ಯ ಗೆದ್ದುಕೊಟ್ಟದ್ದು ಎದುರಾಳಿಯ ಅಂಕಿ: ಆ ಪೋರ್ಟ್‌ಗೆ ಇಡೀ ದಿನ ಬರೀ ಐದು ಗೋಲು. 56 ಸಾವಿರಕ್ಕೂ ಹೆಚ್ಚು ಜನ ನೋಡ್ತಿದ್ದರು.

ಕರ್ಲಿ ಮುಂದೆ 1973ರಲ್ಲಿ ಗ್ಲೆನೆಲ್ಗ್‌ಗೆ, 1983ರಲ್ಲಿ ಮತ್ತೆ ವೆಸ್ಟ್‌ಗೆ ಕಪ್ ಗೆದ್ದುಕೊಟ್ಟರು. ಸೌತ್ 1979ರಲ್ಲಿ ಇನ್ನೊಮ್ಮೆ ಫೈನಲ್ ತಲುಪಿತು, ಎದುರಿಗೆ ಅದೇ ಪೋರ್ಟ್. ಆ ದಿನ ಸೌತ್‌ನ ಸ್ಕೋರ್ 3.14; ಬಿಹೈಂಡ್‌ಗಳು ಹೆಚ್ಚುಕಮ್ಮಿ ಅಷ್ಟೇ, ಗೋಲು ಮಾತ್ರ ಮೂರು. 1964ರ ನಂತರ ಆ ಕ್ಲಬ್ಬಿಗೆ ಲೀಗ್ ಕಪ್ ಬಂದಿಲ್ಲ.